ಪಾಲಿಹೌಸ್ ಗುಲಾಬಿಯ ಕತ್ತು ಬಾಗುವ ಸಮಸ್ಯೆ: ಪ್ರತಿಕ್ರಿಯೆ

ಕೊಯ್ದ ಮರುದಿನವೇ, ಹರಾಜಿನ ಹೊತ್ತಿಗೆ, ನಿಮ್ಮ ಗುಲಾಬಿ ಮೊಗ್ಗುಗಳು ಕತ್ತು ಬಾಗಿಸುತ್ತಿರುವುದಕ್ಕೆ ರೋಗಕ್ಕಿಂತ ಹೆಚ್ಚಾಗಿ, ಕಾಂಡದ ನಾಳಗಳಲ್ಲಿ ಗಾಳಿಗುಳ್ಳೆಯೋ ಬ್ಯಾಕ್ಟೀರಿಯಾವೋ ಸೇರಿ ನೀರು ಮೇಲೇರದಿರುವುದೇ ಕಾರಣವಿರಬಹುದು. ಮೊದಲು ಬಕೆಟ್‌ಗಳನ್ನು ಬ್ಲೀಚಿಂಗ್ ಪುಡಿಯಿಂದ ಉಜ್ಜಿ, ಅದರ ಅಂಶ ಉಳಿಯದಂತೆ ಚೆನ್ನಾಗಿ ಜಾಲಿಸಿ. ಮುಂದೆ ನೀರಿಗೆ ಹಾಕುವ ಆಮ್ಲದೊಂದಿಗೆ ಅದು ಬೆರೆತರೆ ವಿಷಾನಿಲ ಹೊಮ್ಮುತ್ತದೆ. ಹೊರಗಿನ ಒಂದೆರಡು ಹಸಿರು ಪುಷ್ಪಪತ್ರಗಳು ಕೆಳಗೆ ಬಾಗಿದ ಮೊಗ್ಗನ್ನು ಮಾತ್ರ ಬೆಳಗಿನ ತಂಪಿನಲ್ಲಿ ಕೊಯ್ದು, ಸಾಲಿನಲ್ಲೇ ನೀರಿಗಿಳಿಸಿ, ಬಳಿಕ ಬುಡದ 2 ಸೆಂ.ಮೀ. ಭಾಗವನ್ನು ನೀರಿನೊಳಗೇ ಓರೆಯಾಗಿ ಮತ್ತೆ ಕತ್ತರಿಸಿ. ಅನಂತರ ಸಿಟ್ರಿಕ್ ಆಮ್ಲದಿಂದ ಪಿಎಚ್ (ಹುಳಿಯ ಪ್ರಮಾಣದ ಅಳತೆ) 3.5ರ ಆಸುಪಾಸಿಗೆ ತಂದ ನೀರಿನಲ್ಲಿ, 2ರಿಂದ 4 ಡಿಗ್ರಿ ಸೆಲ್ಸಿಯಸ್‌ನ ಶೀತಲ ಕೊಠಡಿಯಲ್ಲಿ ಕನಿಷ್ಠ 4 ಗಂಟೆ ನಿಲ್ಲಿಸಿ. ತಳಿಯ ಹೆಸರನ್ನು ನೀವು ತಿಳಿಸಿಲ್ಲವಾದ್ದರಿಂದ ಇದೊಂದೇ ಕಾರಣವೆಂದು ಖಚಿತವಾಗಿ ಹೇಳಲಾರೆ. ಒಂದು ಕಟ್ಟನ್ನು ಹೀಗೆ, ಇನ್ನೊಂದನ್ನು ಎಂದಿನಂತೆ ಇಟ್ಟು ಹೋಲಿಸಿ. ಎರಡೂ ಬಾಗಿದರೆ ಕೊಯ್ಲನ್ನು ಇನ್ನೂ ಒಂದು ದಿನ ತಡಮಾಡಿ ನೋಡಿ.