ಮಿಷನ್‌ನವರು ನಮ್ಮೂರಿನಲ್ಲಿ ಸಂಜೆ ಶಾಲೆ ತೆರೆಯುತ್ತಾರಂತೆ, ನಾನು ಅದರ ಜವಾಬ್ದಾರಿ ಒಪ್ಪಿಕೊಳ್ಳಬಹುದೇ?

ಪದವಿ ಮುಗಿಸಿ ಊರಿಗೆ ಮರಳಿದ್ದೀರಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೀರಿ, ಫಾದರ್ ಕೊಡುವ ಗೌರವಧನ ಅಲ್ಲಿಯವರೆಗೆ ಕೈಖರ್ಚಿಗಾಗುತ್ತದೆ ಎಂದುಕೊಂಡಿದ್ದೀರಿ, ಆದರೆ ಹಿರಿಯರು ಮತಾಂತರದ ಮಾತೆತ್ತಿದ್ದರಿಂದ ಅಳುಕುತ್ತಿದ್ದೀರಿ. 2014ರಲ್ಲಿ ನಾನು ಇದೇ ಸ್ಥಿತಿಯಲ್ಲಿದ್ದೆ, ಪಿಡಿಒ ಪರೀಕ್ಷೆಯೂ ಸೇರಿದಂತೆ. ಸಾಧಕ ಬಾಧಕಗಳ ಪಟ್ಟಿಯನ್ನು ಬೇರೆ ಯಾರಾದರೂ ಕೊಟ್ಟಾರು. ನಮ್ಮಲ್ಲಿ ನಡೆದದ್ದನ್ನು ನಾನು ಹೇಳುತ್ತೇನೆ.

ನಮ್ಮದು ರಾಯಚೂರು ಜಿಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರು. ಕಾಗದದ ಮೇಲೆ ನೀರಾವರಿ ಪ್ರದೇಶವಾದರೂ ಮೇಲಿನವರು ಬಿಟ್ಟರೆ ಮಾತ್ರ ನಮಗೆ ನೀರು. ಹೀಗಾಗಿ ಸುಗ್ಗಿ ಮುಗಿದೊಡನೆ ಅರ್ಧ ಊರು ಬೆಂಗಳೂರಿಗೆ ಗುಳೆ ಹೋಗುತ್ತದೆ, ಮಕ್ಕಳು ಒಂದೋ ತಂದೆತಾಯಿಯ ಜೊತೆ ಕಟ್ಟಡದ ಕೆಲಸದ ಜಾಗದಲ್ಲಿರುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಉಳಿಯುತ್ತಾರೆ. ನಮ್ಮ ಭಾಗಕ್ಕೆ ಕ್ರೈಸ್ತರೇನೂ ಹೊಸಬರಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕ್ಯಾಥೋಲಿಕರಿದ್ದಾರೆ, ರಾಯಚೂರು, ಯಾದಗಿರಿ, ಬೀದರ್ ಕಡೆ ಮೆಥೋಡಿಸ್ಟರ ಶಾಲೆ ಆಸ್ಪತ್ರೆಗಳನ್ನು ಎಲ್ಲರೂ ಬಲ್ಲರು. ಆದರೂ ನಮ್ಮೂರಿನಲ್ಲಿ ಒಂದು ಕ್ರೈಸ್ತ ಮನೆಯೂ ಇರಲಿಲ್ಲವಾದ್ದರಿಂದ ಮಂಗಳೂರು ಕಡೆಯ ಒಬ್ಬ ಫಾದರ್ ಮೋಟಾರ್‌ಸೈಕಲ್ ಮೇಲೆ ಬಂದು ಸಂಜೆ ಕಲಿಕಾ ಕೇಂದ್ರ ನಡೆಸುತ್ತೇವೆ ಎಂದಾಗ ಊರು ಎರಡು ಹೋಳಾಯಿತು. ಪದವಿ ಮುಗಿಸಿ ಸುಮ್ಮನೆ ಕುಳಿತಿದ್ದ ನಾನು ಸಂಯೋಜಕನಾದೆ.

ಮೊದಲ ಜಗಳ ಪ್ರಾರ್ಥನೆಯದು. ಪಾಠ ಶುರುವಾಗುವ ಮುನ್ನ ಮಕ್ಕಳಿಂದ ಒಂದು ಹಾಡು ಹಾಡಿಸುತ್ತಿದ್ದೆವು. ಅದರಲ್ಲಿ ಯೇಸುವಿನ ಹೆಸರೇನೂ ಇರಲಿಲ್ಲ, ಆದರೂ ಒಬ್ಬ ಹಿರಿಯರು ಬಾಗಿಲಲ್ಲಿ ನಿಂತು, ‘ಏನಪಾ ತಮ್ಮಾ, ಇವತ್ತು ಹಾಡು, ನಾಳಿಗಿ ನೀರು ಚಿಮುಕಸ್ತೀರೇನು?’ ಎಂದು ಕೇಳಿದರು. ಫಾದರ್ ವಾದಕ್ಕಿಳಿಯಲಿಲ್ಲ. ಮರುದಿನದಿಂದ ಸಂವಿಧಾನದ ಪ್ರಸ್ತಾವನೆ ಓದಿಸೋಣ ಎಂದರು, ಹಾಗೆಯೇ ಮಾಡಿದೆವು. ಕೇಂದ್ರ ನಡೆದಷ್ಟು ಕಾಲ ಅಲ್ಲಿಗೆ ಬಂದ ಯಾವ ಮಗುವೂ ಧರ್ಮ ಬದಲಿಸಲಿಲ್ಲ, ಯಾರೂ ಬದಲಿಸೆನ್ನಲೂ ಇಲ್ಲ. ಎಲ್ಲ ಕಡೆಯೂ ಹೀಗೆಯೇ ಇರುತ್ತದೆ ಎಂದು ನಾನು ಪ್ರಮಾಣ ಮಾಡಲಾರೆ. ನಿಮ್ಮಲ್ಲಿ ಯಾರಾದರೂ ಧರ್ಮ ಬದಲಿಸೆಂದರೆ ನೀವೇ ಬಾಗಿಲು ಹಾಕಿಸಬಹುದು.

ಇದಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಇನ್ನೊಂದು ಪುಕಾರು. ಫಾದರ್ ಬಳಿ ಪಾಠಕ್ಕೆ ಹೋದವರ ಜಾತಿ ಪ್ರಮಾಣಪತ್ರ ರದ್ದಾಗುತ್ತದೆ ಎಂದು ಯಾರೋ ಹಬ್ಬಿಸಿದರು, ಮರುದಿನ ದಲಿತ ಕೇರಿಯ ಮಕ್ಕಳೇ ಬರಲಿಲ್ಲ. ನಿಮ್ಮಲ್ಲೂ ಈ ಮಾತು ಏಳುವುದು ಖಂಡಿತವಾದ್ದರಿಂದ ಈಗಲೇ ತಿಳಿದುಕೊಳ್ಳಿ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನಮಾನವಿದೆ, ಕ್ರೈಸ್ತ ಧರ್ಮಕ್ಕೆ ಸೇರಿದರೆ ಅದು ಹೋಗುವುದು ನಿಜ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಷರತ್ತಿಲ್ಲ, ಆದ್ದರಿಂದ ನಮ್ಮ ಭಾಗದ ನಾಯಕ ಸಮುದಾಯದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಫಾದರ್ ಹಾಕಿದ ಚಾಪೆಯ ಮೇಲೆ ಕುಳಿತು ಲೆಕ್ಕ ಕಲಿತರೆ ಯಾರ ಧರ್ಮವೂ ಬದಲಾಗುವುದಿಲ್ಲ. ಇದನ್ನು ಮನೆ ಮನೆಗೆ ಹೋಗಿ ಹೇಳಬೇಕಾದವರು ಫಾದರ್ ಅಲ್ಲ, ನೀವು. ಅವರು ಹೇಳಿದರೆ ಯಾರೂ ನಂಬುವುದಿಲ್ಲ.

ಇನ್ನು ಹತ್ತಿಯ ಕಥೆ. ನಮ್ಮ ಭಾಗದಲ್ಲಿ ಹೈಬ್ರಿಡ್ ಹತ್ತಿಬೀಜದ ಪ್ಲಾಟುಗಳಿವೆ. ಸಂಜೆ ಹೊತ್ತಿಗೆ ಮೊಗ್ಗು ಬಿಡಿಸಿ ಅದರೊಳಗಿನ ಕೇಸರವನ್ನು ಉಗುರಿನಿಂದ ಕಿತ್ತು ಗುರುತು ಮಾಡುವುದು, ಮರುದಿನ ಬೆಳಿಗ್ಗೆ ಗಂಡು ಹೂವನ್ನು ತಂದು ಅದಕ್ಕೆ ಸವರುವುದು, ಇಷ್ಟೇ ಕ್ರಾಸಿಂಗ್ ಕೆಲಸ. ಗಿಡದ ಎತ್ತರಕ್ಕೆ ಸರಿಹೊಂದುವ ಮೈ, ಸಣ್ಣ ಬೆರಳು, ಕಡಿಮೆ ಕೂಲಿ, ಈ ಮೂರೂ ಮಕ್ಕಳಲ್ಲಿ ಸಿಗುತ್ತವೆ. ಹುಡುಗಿಯರ ಉಗುರಿನ ಸಂದಿ ಹಳದಿಯಾಗಿದ್ದರೆ ಅವರು ಬೆಳಿಗ್ಗೆ ಶಾಲೆಗೆ ಹೋಗಿಲ್ಲವೆಂದೇ ಅರ್ಥ. ಫಾದರ್ ಒಬ್ಬ ಪ್ಲಾಟಿನ ಮಾಲೀಕರ ಮನೆಗೆ ಹೋಗಿ ಕುಳಿತು ಮಕ್ಕಳನ್ನು ಬಿಟ್ಟುಬಿಡಿ ಎಂದಾಗ ಅವರು, ‘ನಮ್ಮ ಹೊಲಕ್ಕ ಬರಲಿಲ್ಲಂದ್ರ ಬಾಜೂ ಹೊಲಕ್ಕ ಹೋಗ್ತಾವ್ರಿ ಸ್ವಾಮಿ’ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಕೊನೆಗೆ ನಾವು ಕೇಂದ್ರದ ಸಮಯವನ್ನೇ ರಾತ್ರಿ ಏಳಕ್ಕೆ ಬದಲಿಸಿದೆವು, ಕರೆಂಟ್ ಹೋದರೆ ಸೌರದೀಪ ಹಚ್ಚಿದೆವು. ಅದರಿಂದ ಬಾಲಕಾರ್ಮಿಕ ಪದ್ಧತಿ ನಿಲ್ಲಲಿಲ್ಲ, ಆದರೆ ಐದನೆಯ ತರಗತಿಗೆ ಬಂದರೂ ದಶಕ ತೆಗೆದುಕೊಂಡು ಕಳೆಯಲು ಬಾರದಿದ್ದ ಮಕ್ಕಳು ಅದನ್ನು ಕಲಿತರು. ಒಂದಿಷ್ಟು ಮಕ್ಕಳು ಆರನೆಯ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾದರು. ಎಂಟನೆಯ ತರಗತಿಯವರನ್ನು ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದೆವು. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ ಎಂಬುದು ನಮ್ಮೂರಿನಲ್ಲಿ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಹುಡುಗರಿಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಲು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಹೋಗುವುದೇ ನಮ್ಮ ಯುವಕ ಸಂಘದ ಮುಖ್ಯ ಕೆಲಸವಾಗಿತ್ತು, ಕ್ರಿಕೆಟ್ ಪಂದ್ಯಾವಳಿ ಆಮೇಲೆ.

ಇಲ್ಲಿಯವರೆಗೆ ಓದಿದರೆ ಒಪ್ಪಿಕೊಳ್ಳಿ ಎನ್ನುತ್ತೇನೆ ಎಂದು ನಿಮಗೆ ಅನ್ನಿಸಿರಬಹುದು. ಸ್ವಲ್ಪ ತಾಳಿ, ನಾನು ಮಾಡಿದ ತಪ್ಪನ್ನು ಹೇಳಬೇಕಿದೆ.

ಎರಡನೆಯ ವರ್ಷವೇ ಫಾದರ್ ನನ್ನನ್ನು ಕೂರಿಸಿಕೊಂಡು, ‘ಪ್ರತಿ ಮಗುವಿನ ಮನೆಯಿಂದ ತಿಂಗಳಿಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳಿ ಮಾರಾಯ್ರೆ. ನನಗೆ ಬೇಡ, ನಿಮ್ಮ ಸಂಘ ನೋಂದಣಿ ಮಾಡಿಸಿ ಅದರ ಖಾತೆಗೆ ಹಾಕಿ. ನನಗೆ ಯಾವಾಗ ವರ್ಗವಾಗುತ್ತದೋ ನನಗೇ ಗೊತ್ತಿಲ್ಲ’ ಎಂದಿದ್ದರು. ನಾನು ಒಪ್ಪಲಿಲ್ಲ. ಕೂಲಿಯವರ ಹತ್ತಿರ ದುಡ್ಡು ಕೇಳುವುದು ಸರಿಯಲ್ಲ ಎಂದೆ. ಅದು ಹೊರಗೆ ಹೇಳಿದ ಕಾರಣ. ದುಡ್ಡು ವಸೂಲಿ ಮಾಡಲು ಹೋದರೆ ಫಾದರ್ ಗುಮಾಸ್ತ ಎಂದು ಜನ ಆಡಿಕೊಂಡಾರು ಎಂಬ ನಾಚಿಕೆ ಎರಡನೆಯ ಕಾರಣ. ಮೂರನೆಯದನ್ನು ನಾನು ಬಹಳ ದಿನ ನನಗೂ ಹೇಳಿಕೊಳ್ಳಲಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಸಂಘವೊಂದಕ್ಕೆ ಕನಿಷ್ಠ ಏಳು ಮಂದಿ ಬೇಕು, ನಿಯಮಾವಳಿ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕು. ಏಳು ಮಂದಿ ಬಂದರೆ ಅವರಿಗೆ ನಾನು ಉತ್ತರ ಕೊಡಬೇಕಾಗುತ್ತಿತ್ತು, ನೋಂದಣಿಯಿಲ್ಲದಿದ್ದಾಗ ಇಡೀ ಕೇಂದ್ರ ನನ್ನ ಮಾತಿನಂತೆ ನಡೆಯುತ್ತಿತ್ತು. ‘ಸಂಘ’ ಎಂದು ಫಲಕ ಬರೆಸಿದ್ದೆವು, ಅಷ್ಟೇ. ಅದಕ್ಕೆ ನೋಂದಣಿ ಸಂಖ್ಯೆಯಾಗಲಿ ಖಾತೆಯಾಗಲಿ ಇರಲಿಲ್ಲ. ಕೋಣೆ ಮಿಷನ್‌ನ ಜಾಗದಲ್ಲಿತ್ತು, ಕರೆಂಟ್ ಮೀಟರ್ ಮಿಷನ್ ಹೆಸರಿನಲ್ಲಿತ್ತು, ಹಾಜರಿ ಪುಸ್ತಕ ಕೂಡ ಅವರ ಕಪಾಟಿನಲ್ಲಿತ್ತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅರವತ್ತು ಮಕ್ಕಳಿಗೆ ಇಪ್ಪತ್ತರಂತೆ ವರ್ಷದಲ್ಲಿ ಹತ್ತು ತಿಂಗಳು ಸಂಗ್ರಹಿಸಿದ್ದರೆ 12,000 ರೂಪಾಯಿ. ಐದು ವರ್ಷಕ್ಕೆ 60,000. ಪಾಠ ಹೇಳುತ್ತಿದ್ದ ಇಬ್ಬರು ಹುಡುಗಿಯರಿಗೆ ತಲಾ 2,000 ಗೌರವಧನವೆಂದರೆ ಆ ಮೊತ್ತದಲ್ಲಿ ಹದಿನೈದು ತಿಂಗಳು ಕೇಂದ್ರ ನಡೆಯುತ್ತಿತ್ತು. ನಮಗೆ ಮುಂದೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ಅವಧಿ.

2019ರಲ್ಲಿ ಫಾದರ್‌ಗೆ ವರ್ಗವಾಯಿತು. ಹೊಸಬರು ಒಳ್ಳೆಯವರೇ, ಆದರೆ ಅವರ ಮನಸ್ಸು ಸ್ವಸಹಾಯ ಸಂಘಗಳ ಕಡೆಗಿತ್ತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿ ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದರು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಇದರ ನಡುವೆ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ, ತಿದ್ದುಪಡಿ ಬಂತು. ಮೊದಲು ನೋಂದಾಯಿತ ಸಂಸ್ಥೆಯೊಂದು ವಿದೇಶದಿಂದ ಪಡೆದ ಹಣವನ್ನು ಇನ್ನೊಂದು ನೋಂದಾಯಿತ ಸಂಸ್ಥೆಗೆ ವರ್ಗಾಯಿಸಬಹುದಿತ್ತು, ತಿದ್ದುಪಡಿಯಾದ ಮೇಲೆ ಯಾರಿಗೂ ವರ್ಗಾಯಿಸುವಂತಿಲ್ಲ. ನಮ್ಮ ಕೇಂದ್ರದ ಗೌರವಧನ ಬರುತ್ತಿದ್ದದ್ದೇ ಹಾಗೆ: ನಗರದ ದೊಡ್ಡ ಸಂಸ್ಥೆಯಿಂದ ಜಿಲ್ಲೆಯ ಚಿಕ್ಕ ಸಂಸ್ಥೆಗೆ, ಅಲ್ಲಿಂದ ನಮ್ಮ ಹುಡುಗಿಯರಿಗೆ. ಆ ದಾರಿ ಮುಚ್ಚಿತು. ಆರು ವರ್ಷ ಕೇಂದ್ರ ನಡೆಸಿದ ನನಗೆ ದುಡ್ಡು ಎಲ್ಲಿಂದ ಹೇಗೆ ಬರುತ್ತದೆ ಎಂಬುದು ತಿಳಿದದ್ದೇ ಅದು ನಿಂತ ಮೇಲೆ.

ನಾನು ಗ್ರಾಮ ಪಂಚಾಯಿತಿಗೆ ಹೋಗಿ ಸಮುದಾಯ ಭವನದ ಒಂದು ಕೋಣೆ ಕೊಡಿ, ಪಾಠ ಮುಂದುವರಿಸುತ್ತೇವೆ ಎಂದು ಕೇಳಿದೆ. ಅಲ್ಲಿ ಕೇಳಿದ್ದು ನ್ಯಾಯವಾದ ಪ್ರಶ್ನೆಗಳನ್ನೇ: ಯಾವ ಸಂಘ, ನೋಂದಣಿ ಸಂಖ್ಯೆ ಯಾವುದು, ಠರಾವಿನ ಪ್ರತಿ ಎಲ್ಲಿದೆ? ನನ್ನ ಬಳಿ ಒಂದೂ ಇರಲಿಲ್ಲ. ಅದಕ್ಕಿಂತ ನೋವಾದದ್ದು ಪಾಲಕರ ಮೌನ. ‘ಫಾದರ್ ಸಾಲಿ ಬಂದ್ ಆತಂತ’ ಎಂದರೇ ಹೊರತು ಯಾಕೆ ಬಂದಾಯಿತು ಎಂದು ಒಬ್ಬರೂ ನನ್ನನ್ನು ಕೇಳಲು ಬರಲಿಲ್ಲ. ಹೇಗೆ ಕೇಳಿಯಾರು? ಅವರ ಒಂದು ರೂಪಾಯಿಯೂ ಅದರಲ್ಲಿರಲಿಲ್ಲ, ಒಂದು ಸಭೆಗೂ ನಾನು ಅವರನ್ನು ಕರೆದಿರಲಿಲ್ಲ. ಪಾಠ ಹೇಳುತ್ತಿದ್ದ ಇಬ್ಬರಲ್ಲಿ ಒಬ್ಬಳು ಮದುವೆಯಾಗಿ ಹೋದಳು. ಇನ್ನೊಬ್ಬಳು ಈಗ ತನ್ನ ಮನೆಯ ಪಡಸಾಲೆಯಲ್ಲಿ ತಿಂಗಳಿಗೆ 50 ರೂಪಾಯಿ ತೆಗೆದುಕೊಂಡು ಪಾಠ ಹೇಳುತ್ತಾಳೆ. ಯಾರ ಹತ್ತಿರ 20 ರೂಪಾಯಿ ಕೇಳಲು ನಾನು ಸಂಕೋಚಪಟ್ಟಿದ್ದೆನೋ ಅದೇ ಮನೆಗಳವರು ಕೊಡುತ್ತಿದ್ದಾರೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಜವಾಬ್ದಾರಿ ಒಪ್ಪಿಕೊಳ್ಳಬಹುದೇ ಎಂದು ಕೇಳಿದ್ದೀರಿ, ಅಂದರೆ ಮಿಷನ್‌ನವರನ್ನು ನಂಬಬಹುದೇ ಎಂದು. ಅವರು ಹೋದ ಮರುದಿನ ಊರು ಏನು ಮಾಡುತ್ತದೆ ಎಂಬುದನ್ನು ಕೇಳಬೇಕಿತ್ತು, ಏಕೆಂದರೆ ಅವರು ಹೋಗುವುದಂತೂ ಖಚಿತ. ಮಿಷನ್ ಎಂದೊಡನೆ ನಮ್ಮವರು ಕಿಟೆಲ್ ಅವರ ನಿಘಂಟನ್ನೂ ಮಂಗಳೂರು ಹೆಂಚನ್ನೂ ನೆನೆದು ಭಾವುಕರಾಗುತ್ತಾರೆ. ಆದರೆ ನಾವು ಗಮನಿಸಬೇಕಾದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆದದ್ದನ್ನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬತ್ತು ವರ್ಷ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತ್ತು. ಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಆದರೂ ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿ ಕಡೆ ಬಾಸೆಲ್ ಮಿಷನ್ ಹೆಸರಿನ ಶಾಲೆಗಳು ಇವತ್ತಿಗೂ ನಡೆಯುತ್ತಿವೆ, ಏಕೆಂದರೆ ಅವುಗಳನ್ನು ಹಿಡಿದುಕೊಳ್ಳಲು ಇಲ್ಲಿಯವರೇ ಆದ ಶಿಕ್ಷಕರಿದ್ದರು, ಕ್ರೈಸ್ತ ಸಭೆಗಳಿದ್ದವು. ನಮ್ಮೂರಿನಲ್ಲಿ ಅಂಥದ್ದೇನೂ ಇರಲಿಲ್ಲ, ಇರದಂತೆ ನೋಡಿಕೊಂಡವನು ನಾನೇ.

ಗೌರವಧನವನ್ನು ಪರೀಕ್ಷೆಯ ತಯಾರಿಗೆ ಆಸರೆ ಮಾಡಿಕೊಳ್ಳುವ ನಿಮ್ಮ ಯೋಚನೆಯೂ ನನಗೆ ಸರಿಕಾಣುವುದಿಲ್ಲ. ಸಂಜೆ ಹೊತ್ತು ಅರವತ್ತು ಮಕ್ಕಳನ್ನು ನೋಡಿಕೊಂಡು ರಾತ್ರಿ ಓದುತ್ತೇನೆ ಎಂದವರು ಎರಡನ್ನೂ ಅರ್ಧಕ್ಕೆ ಬಿಡುತ್ತಾರೆ, ನಾನು ಪಿಡಿಒ ಆಗಲಿಲ್ಲ ಎಂಬುದನ್ನು ನೀವು ಈಗಾಗಲೇ ಊಹಿಸಿರುತ್ತೀರಿ. ಓದಬೇಕಿದ್ದರೆ ಓದಿ, ಜವಾಬ್ದಾರಿಯನ್ನು ಊರಿನಲ್ಲಿ ಪಿಯುಸಿ ಮುಗಿಸಿ ಕುಳಿತಿರುವ ಯಾವುದಾದರೂ ಹುಡುಗಿಗೆ ಬಿಟ್ಟುಕೊಡಿ.

ಇಲ್ಲ, ಮಾಡಿಯೇ ತೀರುತ್ತೇನೆ ಎಂದಾದರೆ ಫಾದರ್ ಜೊತೆಗಿನ ಮೊದಲ ಸಭೆಗೆ ಒಬ್ಬರೇ ಹೋಗಬೇಡಿ. ಏಳು ಮಂದಿಯನ್ನು ಕರೆದುಕೊಂಡು ಹೋಗಿ. ಅವರಲ್ಲಿ ಮೂವರಾದರೂ ತಾಯಂದಿರಿರಲಿ, ಮತಾಂತರದ ಮಾತೆತ್ತಿದ ಹಿರಿಯರೂ ಒಬ್ಬರಿರಲಿ. ಹಣ ಯಾವ ಸಂಸ್ಥೆಗೆ ಬರುತ್ತದೆ, ಎಷ್ಟು ವರ್ಷಕ್ಕೆ ಬರುತ್ತದೆ ಎಂದು ನೇರವಾಗಿ ಕೇಳಿ. ಇದರಲ್ಲಿ ಸಂಕೋಚವೇನಿಲ್ಲ, ಸರಿಯಾದ ಫಾದರ್ ಆದರೆ ಅವರೇ ಸಂತೋಷಪಡುತ್ತಾರೆ. ಪಾಠವನ್ನು ಮಿಷನ್ ಕೋಣೆಯಲ್ಲಿ ಶುರುಮಾಡದೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೋ ಸರ್ಕಾರಿ ಶಾಲೆಯಲ್ಲೋ ಶುರುಮಾಡಿ, ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಲಿಖಿತ ಒಪ್ಪಿಗೆ ಪಡೆಯಿರಿ. ಮೊದಲ ತಿಂಗಳಿನಿಂದಲೇ ಪ್ರತಿ ಮನೆಯಿಂದ ಅಷ್ಟೋ ಇಷ್ಟೋ ತೆಗೆದುಕೊಂಡು ರಸೀದಿ ಕೊಡಿ, ಕೊಡಲಾಗದವರಿಗೆ ಸಂಘದ ಸಭೆಯೇ ವಿನಾಯಿತಿ ಕೊಡಲಿ, ನೀವು ಕೊಡಬೇಡಿ. ಇಷ್ಟಕ್ಕೆ ಫಾದರ್ ಒಪ್ಪದಿದ್ದರೆ ಬಿಟ್ಟುಬಿಡಿ. ಊರು ಒಪ್ಪದಿದ್ದರೂ ಬಿಟ್ಟುಬಿಡಿ.