ಕೂಲರ್ ಕಲಬುರಗಿಲಿ ಮಸ್ತ್ ಕೆಲಸ ಮಾಡುತ್ತೆ, ಮಂಗಳೂರಲ್ಲಿ ಯಾಕೆ ಮಾಡಲ್ಲ?

ಕೂಲರ್ ಕೆಟ್ಟಿಲ್ಲ, ಗಾಳಿದೇ ಪ್ರಾಬ್ಲಮ್ಮು. ನೀರು ಆವಿ ಆಗ್ಬೇಕಂದ್ರೆ ಶಾಖ ಬೇಕು, ಲೀಟರ್‌ಗೆ ಹತ್ರ ಹತ್ರ 2400 ಕಿಲೋಜೌಲ್, ಅದನ್ನ ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಹಾಯೋ ಗಾಳಿಯಿಂದನೇ ಕಿತ್ಕೊಳ್ಳುತ್ತೆ, ಅದಕ್ಕೆ ಗಾಳಿ ತಣ್ಣಗಾಗೋದು. ಮಡಕೆ ನೀರು ತಂಪಾಗೋದೂ ಇದೇ ಲೆಕ್ಕ.

ಆದ್ರೆ ಇದಕ್ಕೊಂದು ಮಿತಿ ಇದೆ, ಗಾಳಿಲಿ ಮೊದಲೇ ತೇವ ಜಾಸ್ತಿ ಇದ್ರೆ ನೀರು ಅಷ್ಟಾಗಿ ಆವಿ ಆಗಲ್ಲ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದ್ರೆ ಎಲ್ಲಿಗೆ ಇಳಿದು ನಿಲ್ಲುತ್ತೋ ಅದೇ ಮಿತಿ, ವೆಟ್ ಬಲ್ಬ್ ಟೆಂಪರೇಚರ್ ಅಂತಾರೆ. ಕಲಬುರಗಿ ಬೇಸಿಗೆಲಿ 40 ಡಿಗ್ರಿ, ತೇವಾಂಶ 20% ಇದ್ರೆ ಅದು ಸುಮಾರು 22, ಒಳ್ಳೆ ಕೂಲರ್ 26ರ ತನಕ ಇಳಿಸುತ್ತೆ. ಮಂಗಳೂರಲ್ಲಿ 33 ಡಿಗ್ರಿ, 70% ಅಂದ್ರೆ ಮಿತಿನೇ 28, ಸಿಗೋದು ಮೂರ್ನಾಲ್ಕು ಡಿಗ್ರಿ ಅಷ್ಟೆ, ಜೊತೆಗೆ ರೂಮಲ್ಲಿ ತೇವ ಇನ್ನೂ ಜಾಸ್ತಿಯಾಗಿ ಬೆವರು ಆರದೆ ಮೈಯೆಲ್ಲ ಅಂಟಂಟು.

ಇನ್ನೊಂದು, ಎಸಿ ಥರ ಕಿಟಕಿ ಮುಚ್ಚಿ ಕೂಲರ್ ಹಾಕ್ಬೇಡಿ (ನಮ್ಮನೇಲಿ ಹಂಗೆ ಮಾಡಿ ಉಪ್ಪಿನ ಡಬ್ಬಿಲಿ ನೀರು ಬಿಟ್ಟಿತ್ತು). ಎದುರು ಕಿಟಕಿ ತೆಗೆದಿಡಿ, ಒದ್ದೆ ಗಾಳಿ ಹೊರಗೆ ಹೋಗ್ಲಿ.