ಬೆಲ್‌ಗ್ರೇಡ್‌ನ 269 ನಡೆಗಳ ಡ್ರಾ

ಪ್ರಶ್ನೆ: 1989ರಲ್ಲಿ ಬೆಲ್‌ಗ್ರೇಡ್‌ನ ಚೆಸ್ ಟೂರ್ನಿಯೊಂದರಲ್ಲಿ ಇವಾನ್ ನಿಕೋಲಿಚ್ ಮತ್ತು ಗೋರಾನ್ ಆರ್ಸೋವಿಚ್ ಅವರ ಆಟ 269 ನಡೆಗಳ ಬಳಿಕ ಡ್ರಾ ಆಯಿತೆಂದು ಓದಿದೆ. 50 ನಡೆಗಳ ನಿಯಮ ಇದ್ದೂ ಆಟ ಅಷ್ಟು ಬೆಳೆದದ್ದು ಹೇಗೆ? ಅವರು ಆಯ್ದುಕೊಂಡ ಓಪನಿಂಗ್ (ಆರಂಭದ ನಡೆಗಳ ಕ್ರಮ) ಇದಕ್ಕೆ ಕಾರಣವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಓಪನಿಂಗ್ ಮೇಲೆ ಈ ಹೊರೆ ಹೊರಿಸುವುದು ಸರಿಯಲ್ಲ. ಆ ಆಟ ಆರಂಭವಾದದ್ದು ಕಿಂಗ್ಸ್ ಇಂಡಿಯನ್ ಡಿಫೆನ್ಸ್‌ನಲ್ಲಿ; ಡಿ4, ಸಿ4, ಇ4 ಮನೆಗಳಲ್ಲಿ ಕಾಲಾಳುಗಳನ್ನು ನಿಲ್ಲಿಸಲು ಬಿಳಿಗೆ ಅವಕಾಶ ಕೊಟ್ಟು, ತನ್ನ ಒಂಟೆಯನ್ನು ಜಿ7ರಲ್ಲಿ ಇರಿಸಿಕೊಂಡು, ಆಮೇಲೆ ಇ5 ನಡೆಯಿಂದ ಆ ನಡುಭಾಗಕ್ಕೆ ಪೆಟ್ಟು ಕೊಡುವುದು ಇಲ್ಲಿ ಕಪ್ಪಿನ ಯೋಜನೆ. ವಿಶ್ವ ಚಾಂಪಿಯನ್‌ಗಳಾಗಿದ್ದ ಫಿಷರ್ ಮತ್ತು ಕ್ಯಾಸ್ಪರೋವ್ ಕಪ್ಪು ಕಾಯಿಗಳಲ್ಲಿಯೂ ಗೆಲುವನ್ನೇ ಬಯಸಿ ನೆಚ್ಚಿಕೊಂಡಿದ್ದ ಓಪನಿಂಗ್ ಇದು. ಬೆಲ್‌ಗ್ರೇಡ್‌ನಲ್ಲಿ ನಿಕೋಲಿಚ್ ಹತ್ತನೆಯ ನಡೆಯಲ್ಲಿ ಕಾಲಾಳನ್ನು ಡಿ5ಕ್ಕೆ ತಳ್ಳಿ ನಡುಭಾಗವನ್ನು ಮುಚ್ಚಿದರು. ಹಾಗೆ ಮುಚ್ಚಿದಾಗ ಬಿಳಿ ಮಂತ್ರಿಯ ಬದಿಯಲ್ಲೂ ಕಪ್ಪು ರಾಜನ ಬದಿಯಲ್ಲೂ ದಾಳಿಗೆ ಸಿದ್ಧತೆ ನಡೆಸುವುದು ವಾಡಿಕೆ; ಆಟ ನಿಧಾನವಾಗುತ್ತದೆ ನಿಜ, ಆದರೆ 269 ನಡೆಗಳಷ್ಟು ಅಲ್ಲ.

ನಿಜವಾದ ಕಾರಣ ಕೊನೆಯ ಹಂತದಲ್ಲಿದೆ. ಸುಮಾರು 100 ನಡೆಗಳ ಕಾಲ ಹಲಗೆಯ ಮೇಲೆ ಉಳಿದಿದ್ದವು ಎರಡು ರಾಜರು, ಒಬ್ಬರ ಆನೆ ಮತ್ತು ಒಂಟೆ, ಇನ್ನೊಬ್ಬರ ಆನೆ ಮಾತ್ರ. ಯಾವ ಕಾಯಿಯೂ ಬೀಳದೆ, ಯಾವ ಕಾಲಾಳೂ ಚಲಿಸದೆ ಇಬ್ಬರೂ ತಲಾ 50 ನಡೆಗಳನ್ನು ಪೂರೈಸಿದರೆ ಡ್ರಾ ಕೇಳಬಹುದೆಂಬುದು ಸಾಮಾನ್ಯ ನಿಯಮ. ಆದರೆ ಈ ಅಂತ್ಯದಾಟದಲ್ಲಿ ಗೆಲ್ಲಲು 50ಕ್ಕಿಂತ ಹೆಚ್ಚು ನಡೆ ಬೇಕಾಗುವ ಸ್ಥಿತಿಗಳಿವೆ (ಕಂಪ್ಯೂಟರ್ ಲೆಕ್ಕದಂತೆ ಅತಿ ದೀರ್ಘವಾದದ್ದಕ್ಕೆ 59). ಆದ್ದರಿಂದ ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಆಗ ಈ ಅಂತ್ಯದಾಟಕ್ಕೆ ಮಿತಿಯನ್ನು 100ಕ್ಕೆ ಏರಿಸಿತ್ತು.

ಸರಿಯಾಗಿ ರಕ್ಷಿಸಿಕೊಂಡರೆ ಈ ಅಂತ್ಯದಾಟ ಸಾಮಾನ್ಯವಾಗಿ ಡ್ರಾ ಆಗುವಂಥದ್ದೇ. ಹಾಗಿದ್ದರೂ ಇದರಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಸೋತಿದ್ದಾರೆ, ಏಕೆಂದರೆ ರಾಜನನ್ನು ಹಲಗೆಯ ಅಂಚಿಗೆ ನೂಕುತ್ತಾ ಹೋಗುವ ಎದುರಾಳಿಗೆ ಅಪಾಯವೇ ಇಲ್ಲ, ರಕ್ಷಿಸಿಕೊಳ್ಳುವವರ ಒಂದೇ ತಪ್ಪು ನಡೆ ಸಾಕು. ಇಪ್ಪತ್ತು ಗಂಟೆಗೂ ಮೀರಿದ ಆಟದ ಕೊನೆಯಲ್ಲಿ, ಒಂಟಿ ಆನೆಯೊಂದಿಗೆ ಅಷ್ಟು ಕಾಲ ತಪ್ಪದೆ ಉಳಿದುಕೊಂಡದ್ದನ್ನು ನಾನು ಅನೇಕ ಗೆಲುವುಗಳಿಗಿಂತ ಮೇಲೆಂದು ಎಣಿಸುತ್ತೇನೆ.

ಫೆಡರೇಷನ್ ನಂತರ ಆ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಇಂದಿನ ನಿಯಮದಲ್ಲಿ ಇದೇ ಆಟದಲ್ಲಿ ಸುಮಾರು 220ನೆಯ ನಡೆಯ ಹೊತ್ತಿಗೇ ಡ್ರಾ ಕೇಳಬಹುದಿತ್ತು. ಯಾರೂ ಕೇಳದಿದ್ದರೂ, 2014ರಿಂದ ಜಾರಿಯಲ್ಲಿರುವ 75 ನಡೆಗಳ ನಿಯಮದಂತೆ ತೀರ್ಪುಗಾರರೇ ಆಟವನ್ನು ನಿಲ್ಲಿಸುತ್ತಿದ್ದರು.